ಮೂರನೆಯ ಸೆಲ್

ಬಾ ಗೂರ್ಗೆನ್, ಬೂಟಿನ ಹಿಮ ಹೊಸ್ತಿಲಾಚೆಗೇ ಕೊಡವು.
ನೆಲದ ತುಂಬ ತಂತಿ, ತುಳಿದೀಯ.
ಆ ಕುರ್ಚಿ ಬೇಡ, ಅದರ ಮೇಲೆ
ಯಾರದೋ ರೇಡಿಯೋ ಬಿಚ್ಚಿ ಹರಡಿದೆ.

ಚಳಿಗಾಲವಿಡೀ ಶೆಡ್ಡಿನಲ್ಲಿಟ್ಟೆಯಾ ಇದನ್ನ?
ಗ್ಯುಮ್ರಿಯ ಚಳಿಯಲ್ಲಿ?
ನಿನ್ನ ದುದುಕ್ ಮಾತ್ರ ಎಣ್ಣೆ ಕುಡಿದು
ಉಣ್ಣೆ ಹೊದ್ದು ಮಲಗುತ್ತೆ;
ಅದರ ದನಿಯನ್ನು ಸ್ಮಶಾನದ ಗಾಳಿಯಾಚೆ ಹೊರುವ
ಈ ಪೆಟ್ಟಿಗೆಗೆ ಒಂದು ಗೋಣಿಯೂ ಇಲ್ಲ.
ನಾಳೆ ಹತ್ತಕ್ಕೆ ಸೆರೋಜನ ಮಣ್ಣು. ಗೊತ್ತು, ನನಗೂ ಗೊತ್ತು.

ಮೀಟರಿನ ಮೊನೆ ತಾಗಿಸಿದೆ: ಸೊನ್ನೆ,
ಪಕ್ಕದಲ್ಲಿ ಚುಕ್ಕಿ, ಆಮೇಲೆ ಇನ್ನೆರಡು ಸೊನ್ನೆ.
ಮುಖ ಸಪ್ಪಗೆ ಮಾಡಬೇಡ,
ಇದು ಬ್ಯಾಟರಿಯ ಮಾತಲ್ಲ, ಕಾವಲುಗಾರನದು.
ಒಳಗೊಂದು ಹಸಿರು ಪಟ್ಟಿಯಿದೆ, ಉಗುರಿನಗಲ;
ಒಳಗಿನವರು ತೀರಾ ಬಸವಳಿದರೆ
ಅಗಳಿ ಹಾಕಿ, "ಮನೆಯಲ್ಲಿ ಯಾರೂ ಇಲ್ಲ" ಅನ್ನುತ್ತೆ.
ಸಾಲ ಕೇಳಲು ಬಂದವರಿಗೆ ನನ್ನಮ್ಮನೂ ಹಾಗೇ ಅನ್ನುತ್ತಿದ್ದಳು,
ನಾವು ಮೂವರೂ ಮಂಚದಡಿ, ಉಸಿರು ಹಿಡಿದು.

ಕವಚ ಬಿಚ್ಚಿ ಒಬ್ಬೊಬ್ಬರನ್ನೇ ಕೇಳಬೇಕು.
ಒಂದನೆಯದು, ಎರಡು ಪಾಯಿಂಟ್ ಆರು. ಉಸಿರಿದೆ.
ಎರಡನೆಯದು, ಎರಡು ಪಾಯಿಂಟ್ ಐದು.
ಮೂರನೆಯದು...
ಮೀಟರನ್ನು ನನ್ನ ಕಡೆ ತಿರುಗಿಸಿಕೊಂಡೆ, ಕಂಡೆಯಲ್ಲ.
ಒಂದಕ್ಕೂ ಕೆಳಗೆ, ಎಷ್ಟು ತಿಂಗಳಿಂದಲೋ.
ಎಬ್ಬಿಸಬಹುದು. ಎಬ್ಬಿಸಬಾರದು.
ಒಳಗೆ ತಾಮ್ರ ಕರಗಿ ಮುಳ್ಳು ಬೆಳೆದಿರುತ್ತೆ;
ಎದ್ದದ್ದು ಒಂದು ದಿನ ನಿನ್ನ ತೊಡೆಯ ಮೇಲೇ ಹೊತ್ತಿಕೊಂಡೀತು.
ಆ ಮರಳಿನ ಡಬ್ಬಿ ಇತ್ತ ಸರಿಸು.

ಉಳಿದಿಬ್ಬರಿಗೆ ಊಟ.
ನನ್ನ ಯಂತ್ರ ನೋಡಿ ನಗಬೇಡ:
ಹಳೇ ಕಂಪ್ಯೂಟರಿನ ಹೊಟ್ಟೆ,
ತಿರುಗಿಸಲು ಒಂದು ಗ್ಯಾಸ್ ಒಲೆಯ ಗುಂಡಿ,
ಇನ್ನೊಂದು ಜೆರ್ಮುಕ್ ನೀರಿನ ಬಾಟಲಿ ಮುಚ್ಚಳ.
ಒಲೆಯದು ವೋಲ್ಟೇಜು, ಎಷ್ಟೆತ್ತರದಿಂದ ಸುರಿಯಬೇಕು ಅಂತ.
ಮುಚ್ಚಳದ್ದು ಕರೆಂಟು, ಎಷ್ಟು ದಪ್ಪ ಧಾರೆ ಅಂತ.
ಉಪವಾಸ ಬಿದ್ದವರಿಗೆ ತಟ್ಟೆ ತುಂಬ ಬಡಿಸಿದರೆ ಕೊಂದ ಹಾಗೆ.
ಮುಚ್ಚಳ ಕೂದಲೆಳೆಯಷ್ಟು ತಿರುಗಿಸು,
ಅಯ್ಯೋ, ಹಿಂದಕ್ಕೆ, ಹಾಂ,
ಆಂಪಿಯರಿನ ಹತ್ತರಲ್ಲೊಂದು ಪಾಲು.
ಮೂರು ವೋಲ್ಟು ಮುಟ್ಟುವ ತನಕ ಹೀಗೇ, ಚಮಚದಲ್ಲಿ.
ಆಗಾಗ ಬೆರಳಿಟ್ಟು ನೋಡು. ಬಿಸಿಯಾದರೆ ಕೂಗು.

ಕಾಫಿಗಿಡುತ್ತೇನೆ. ಎಲ್ಲಿ ಕಲಿತೆ ಅಂತ ಎಲ್ಲರೂ ಕೇಳುತ್ತಾರೆ.
ಕಾಲುಚೀಲದ ಕಾರ್ಖಾನೆ ಮುಚ್ಚಿತ್ತು,
ದಿನಕ್ಕೊಂದು ಗಂಟೆ ಕರೆಂಟು, ಬಂದರೆ.
ಸೆರೋಜ್ ಬಸ್ಸಿನ ಬ್ಯಾಟರಿ ಬಿಚ್ಚಿ ಹೆಗಲಿಗೇರಿಸಿ
ಐದು ಮಹಡಿ ಹತ್ತಿ ತರುತ್ತಿದ್ದ,
ನಸುಕಿಗೆ ಮತ್ತೆ ಇಳಿಸಿ ಒಯ್ಯುತ್ತಿದ್ದ.
ಒಂದು ಬಲ್ಬು, ಅದರಡಿ ನನ್ನ ಮಗಳ ಲೆಕ್ಕದ ಪುಸ್ತಕ.
ಒಂದು ರಾತ್ರಿ ಅದನ್ನು ಪೂರ್ತಿ ಹಿಂಡಿಬಿಟ್ಟೆ;
ಬೆಳಿಗ್ಗೆ ಬಸ್ಸು ಕೆಮ್ಮಲೂ ಇಲ್ಲ.
ಬೈಯಲಿಲ್ಲ ಅವನು.
"ಎಲ್ಲಿ ನಿಲ್ಲಿಸಬೇಕು ಗೊತ್ತಿರಬೇಕು, ವಾರ್ದುಹಿ" ಅಂದ.

ನೋಡು, ಮೂರು ದಾಟಿತು.
ಈಗ ಇನ್ನೊಬ್ಬ ಬೇಕು.
ಆ ಮೇಲಿನ ಹಲಗೆಯಲ್ಲಿ ಟಾರ್ಚಿದೆ, ಕೊಡು.
ನವೆಂಬರಿನಲ್ಲಿ ಅವನೇ ತಂದದ್ದು;
ಸ್ವಿಚ್ಚು ಕೆಟ್ಟಿದೆ, ಸೋಮವಾರ ಬರ್ತೀನಿ ಅಂದಿದ್ದ.
ಸ್ವಿಚ್ಚು ಸರಿಯಾಗಿದೆ. ಸೆಲ್ ಹೊಚ್ಚ ಹೊಸದು.
ಯಾರಿಗೂ ಹೇಳಬೇಡ, ಅವನ ಹೆಂಡತಿಗಂತೂ ಬೇಡವೇ ಬೇಡ.
ಬೇರೆ ಹಾಕಿ ವಾಪಸು ಕೊಡುತ್ತೇನೆ.

ಮೂವರನ್ನೂ ಒಂದೇ ಮಟ್ಟಕ್ಕೆ ತಂದೇ ಕೈ ಹಿಡಿಸಬೇಕು,
ಇಲ್ಲದಿದ್ದರೆ ಒಳಗೊಳಗೇ ಜಗಳ.
ನಿದ್ದೆ ಬಂದರೆ ಮಲಗು, ಎಬ್ಬಿಸುತ್ತೇನೆ.

ಏಳು. ಬೆಸುಗೆ ಆಯಿತು.
ಹೌದು, ಇನ್ನೂ ಸೊನ್ನೆಯೇ. ಕಾವಲುಗಾರ ನಂಬಿಲ್ಲ.
ಹೊರಗಿನಿಂದ ಯಾರೋ ಏನೋ ತಂದಿದ್ದಾರೆ ಅಂತ ತೋರಿಸಬೇಕು ಅವನಿಗೆ.
ಚಾರ್ಜರಿನ ತಂತಿ ಒಂದು ಕ್ಷಣ ತಾಗಿಸು. ತೆಗೆ.
ಹನ್ನೊಂದು ಪಾಯಿಂಟ್ ನಾಲ್ಕು.

ವಾಲ್ಯೂಮು ಅರ್ಧ ದಾಟಿಸಬೇಡ, ನಲವತ್ತು ನಿಮಿಷಕ್ಕೆ ಮೋಸವಿಲ್ಲ.
ಮತ್ತೆ, ಪೆಟ್ಟಿಗೆಯನ್ನು ಅವನ ಎಡಕ್ಕಿಡು ಗೂರ್ಗೆನ್.
ಬಲಗಿವಿ ಎಂದೋ ಹೋಗಿತ್ತು,
ಮೂವತ್ತು ವರ್ಷ ಇಂಜಿನ್ನಿನ ಪಕ್ಕ ಕೂತು.